ರೋಗಿಯ ನುಡಿ ಬಲ್ಲ ದಾದಿ

ಪ್ಯೂರ್ಟೋರಿಕೊ 1898ರಿಂದ ಅಮೆರಿಕದ ಆಳ್ವಿಕೆಗೊಳಪಟ್ಟ ದ್ವೀಪ. ಮನೆಮಾತು ಮಾತ್ರ ಸ್ಪ್ಯಾನಿಷ್. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯ ತರುಣರು ಅಮೆರಿಕದ ಸೈನ್ಯ ಸೇರಿದರು. ಹಾಸಿಗೆ ಹಿಡಿದವನು ಸ್ಪ್ಯಾನಿಷಿನಲ್ಲಿ ನರಳಿದರೆ, ಇಂಗ್ಲಿಷ್ ಮಾತ್ರ ಬಲ್ಲ ದಾದಿಗೆ ತಿಳಿಯುವುದೆಂತು? ನಮ್ಮ ಆಯುರ್ವೇದ ಹೇಳುವ ಮೂರು ಪರೀಕ್ಷೆಗಳಲ್ಲಿ ನೋಡಬಹುದು, ಮುಟ್ಟಬಹುದು. ಕೇಳುವುದಕ್ಕೆ ಮಾತು ಬೇಕಲ್ಲವೇ! ನೋವು ಉರಿಯೋ ಚುಚ್ಚೋ ಎಂಬುದನ್ನು ಕೈಸನ್ನೆ ತಿಳಿಸಲಾರದು.

ಈ ತೊಡಕನ್ನು ಕಂಡ ಸೈನ್ಯವು 1944ರಲ್ಲಿ ಪ್ಯೂರ್ಟೋರಿಕೊದ 13 ಮಂದಿ ದಾದಿಯರನ್ನು ಸೇರಿಸಿಕೊಂಡಿತು. ಅವರಲ್ಲೊಬ್ಬರು ಕಾರ್ಮೆನ್ ಲೊಜಾನೊ. ಆಗಸ್ಟ್ 21ರಂದು ಸೆಕೆಂಡ್ ಲೆಫ್ಟಿನೆಂಟರಾಗಿ ಪ್ರಮಾಣವಚನ ಸ್ವೀಕರಿಸಿದ ಈಕೆ, ಸಾನ್ ಹ್ವಾನ್ ನಗರದಲ್ಲಿ ತರಬೇತಿ ಪಡೆದು, ಟೋರ್ಟುಗೆರೊ ಶಿಬಿರದಲ್ಲಿ ಶುಶ್ರೂಷೆಯೊಡನೆ ದುಭಾಷಿಯ ಕೆಲಸವನ್ನೂ ಮಾಡಿದರು. 1945ರಲ್ಲಿ ಟ್ರಿನಿಡಾಡಿನ ಸೈನಿಕ ಆಸ್ಪತ್ರೆಗೆ ಹೋಗಿ, ನಾರ್ಮಂಡಿಯ ರಣದಿಂದ ಮರಳಿದ ಗಾಯಾಳುಗಳ ಆರೈಕೆಗೆ ನಿಂತರು.