ಪಯಸ್ವಿನಿಯ ಸೀಮೆ

ಘಟ್ಟದ ಮಳೆಯನ್ನೆಲ್ಲ ಮೈಮೇಲೆ ಹೊತ್ತು ಪಯಸ್ವಿನಿ ಸಂಪಾಜೆಯ ಬಳಿ ಕೆಳನಾಡಿಗೆ ಇಳಿಯುತ್ತಾಳೆ. ಅರಂತೋಡು, ಸುಳ್ಯ, ಜಾಲ್ಸೂರುಗಳ ಬದಿಯಲ್ಲಿ ಹರಿದು, ಮುಂದೆ ಚಂದ್ರಗಿರಿ ಹೊಳೆಯೆಂಬ ಹೆಸರಿನಲ್ಲಿ ಕಾಸರಗೋಡಿನ ಹತ್ತಿರ ಕಡಲನ್ನು ಸೇರುತ್ತಾಳೆ. ಉದ್ದದಲ್ಲಿ ದೊಡ್ಡ ನದಿಯೇನಲ್ಲ. ಆದರೂ ಕೆಳದಿಯ ನಾಯಕರು, ಕೊಡಗನ್ನಾಳಿದ ಹಾಲೇರಿಯ ಅರಸರು, ಶ್ರೀರಂಗಪಟ್ಟಣದ ಸುಲ್ತಾನ, ಕಟ್ಟಕಡೆಗೆ ಕಂಪನಿ ಸರ್ಕಾರ, ಎಲ್ಲರ ಕಣ್ಣೂ ಈ ಸೀಮೆಯ ಮೇಲಿತ್ತು. ಮೇಲಿನ ಕೊಡಗಿಗೆ ಕಡಲ ಉಪ್ಪು ಬೇಕು. ಕಡಲ ತಡಿಯ ವರ್ತಕರಿಗೆ ಘಟ್ಟದ ಮೆಣಸು, ಏಲಕ್ಕಿ ಬೇಕು. ಇವೆರಡರ ನಡುವಿನ ಹಾದಿ ಸಂಪಾಜೆಯದು.

ಫ್ರಾನ್ಸಿನ ಲ್ವಾರ್ ನದಿಯ ಕಣಿವೆಯೂ ಅರಸರ ಸೀಮೆಯೇ. ಅಲ್ಲಿ 1519ರಲ್ಲಿ ಒಂದನೆಯ ಫ್ರಾನ್ಸ್ವಾ ದೊರೆ ಬೇಟೆಗೆಂದು ಶಾಂಬೋರ್ ಅರಮನೆಯನ್ನು ಕಟ್ಟಿಸತೊಡಗಿದ. ಕಾದಾಟಕ್ಕಾಗಿ ಎದ್ದಿದ್ದ ಎಷ್ಟೋ ಕೋಟೆಗಳು ಕ್ರಮೇಣ ವಿಲಾಸದ ಮನೆಗಳಾದವು, ಸುತ್ತಲ ತೋಟಗಳ ದ್ರಾಕ್ಷಾರಸ ಅರಸರ ಪಂಕ್ತಿಗೆ ಬಂತು. 2000ದಲ್ಲಿ ಯುನೆಸ್ಕೊ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಯಸ್ವಿನಿಯ ಕೋಟೆಗಳಿಗೆ ಅಂಥ ವಿಶ್ರಾಂತಿ ದೊರೆಯಲಿಲ್ಲ. ಇಲ್ಲಿ ಕೋಟೆಯೆಂದರೆ ಕೊನೆಯ ದಿನದವರೆಗೂ ಕಾವಲು, ಕಂದಾಯ. ಇಲ್ಲಿನ ಪಾನವೂ ಬೇರೆ: ಬೈನೆ ಮರದ ಕಳ್ಳು ದೈವದ ಮುಂದೆಯೂ ಸಂದಿತು, ದುಡಿದು ದಣಿದವರ ಅಂಗಳದಲ್ಲಿಯೂ ಸಂದಿತು.

ಹೊಳೆಯ ಮುಖದಲ್ಲಿರುವ ಚಂದ್ರಗಿರಿ ಕೋಟೆ ಹದಿನೇಳನೆಯ ಶತಮಾನದ್ದು. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಮುರಕಲ್ಲಿನ ಆ ಗೋಡೆಗಳ ಮೇಲೆ ನಿಂತರೆ ಹೊಳೆಯೂ ಕಡಲೂ ಒಟ್ಟಿಗೆ ಕಾಣುತ್ತವೆ. ಇನ್ನೊಂದು ತುದಿಯಲ್ಲಿ, ಘಟ್ಟದ ನೆತ್ತಿಯಲ್ಲಿ, ಹಾಲೇರಿಯ ಮುದ್ದುರಾಜ 1681ರಲ್ಲಿ ನೆಲೆಗೊಳಿಸಿದ ಮಡಿಕೇರಿ. ಅಲ್ಲಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದೆಂದು ಹೆಸರಿಟ್ಟ. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಪಡೆದ. ಟಿಪ್ಪುವಿನ ಪತನದ ನಂತರದ ವರ್ಷಗಳಲ್ಲಿ ಘಟ್ಟದ ಕೆಳಗಿನ ಪಂಜ, ಬೆಳ್ಳಾರೆ ಸೀಮೆಗಳೂ ಕೊಡಗಿನ ಕೈಯಲ್ಲಿದ್ದವು. ಅರಸನ ಪಾಲು ಬೆಳೆಯ ರೂಪದಲ್ಲೇ ಸಲ್ಲುತ್ತಿತ್ತು. ಗದ್ದೆ ಕೊಟ್ಟದ್ದನ್ನು ಅಳೆದು ಕೊಡುವುದು. ನಾಣ್ಯಕ್ಕಾಗಿ ಸಾಹುಕಾರನ ಜಗಲಿ ಹತ್ತಬೇಕಾಗಿರಲಿಲ್ಲ.

1834ರ ಏಪ್ರಿಲಿನಲ್ಲಿ ಕಂಪನಿಯ ಪಡೆಗಳು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕವು. ಚಿಕ್ಕ ವೀರರಾಜೇಂದ್ರ ಪದಚ್ಯುತನಾದ. ಅವನ ಕ್ರೌರ್ಯದ ಕಥೆಗಳನ್ನು ಕಂಪನಿಯ ಬರಹಗಾರರು ಧಾರಾಳವಾಗಿ ಬರೆದಿಟ್ಟಿದ್ದಾರೆ. ರಾಜ್ಯ ಕಿತ್ತುಕೊಂಡವರ ಸಾಕ್ಷ್ಯವನ್ನು ಎಚ್ಚರದಿಂದಲೇ ಓದಬೇಕು. ಅರಸನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಆ ಬಾಲೆಯ ಜ್ಞಾನಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಕೊಡಗಿನ ಕೊನೆಯ ದೊರೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಕಣಿವೆಯ ಜನರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೊಂದು ಆಜ್ಞೆಯಿಂದ ಬಿತ್ತು. ಅಮರ ಸುಳ್ಯದ ಮಾಗಣೆಯನ್ನು ಕೊಡಗಿನಿಂದ ಬಿಡಿಸಿ ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಸಂಪಾಜೆ ಹೆಸರಿನ ಒಂದು ಗ್ರಾಮ ಇಂದಿಗೂ ಸುಳ್ಯ ತಾಲೂಕಿನಲ್ಲಿ, ಇನ್ನೊಂದು ಮಡಿಕೇರಿ ತಾಲೂಕಿನಲ್ಲಿ ಇರುವುದರ ಹಿಂದೆ ಆ ಗೆರೆಯಿದೆ. ಗೆರೆ ಎಳೆದ ಕೈಯೇ ಕಂದಾಯವನ್ನು ನಗದಾಗಿ ಕಟ್ಟಬೇಕೆಂದು ವಿಧಿಸಿತು. ಭತ್ತವಿದ್ದವನ ಬಳಿ ಹಣವಿರಲಿಲ್ಲ. ಹಣವಿದ್ದವನು ಹೇಳಿದ ಬೆಲೆಗೆ ಭತ್ತ ಹೋಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಬೇರೆ. ಮುಂದೆ ನಡೆದುದನ್ನು ಬರಿಯ ಗದ್ದಲವೆಂದು ಕರೆದವರು ಈ ಲೆಕ್ಕವನ್ನು ನೋಡಿರಲಿಲ್ಲ.

ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರು ಮನೆಯಲ್ಲಿ ಮದುವೆಯೆಂಬ ನೆಪ ಹೂಡಿ ದಂಗೆಗೆ ಜನವನ್ನು ಸೇರಿಸಿದರೆಂದು ಹಿರಿಯರು ಹೇಳುತ್ತಾರೆ. ಆ ಜಾಗವನ್ನು ಮದುವೆಗದ್ದೆಯೆಂದೇ ಕರೆಯುತ್ತಾರೆ. ಚಪ್ಪರದ ಕೆಳಗೆ ಕಂಪನಿಯ ಗೂಢಚಾರನಿಗೆ ಸಂಶಯ ಹುಟ್ಟುವುದಾದರೂ ಹೇಗೆ? ಶನಿವಾರಸಂತೆಯ ಪುಟ್ಟಬಸವನನ್ನು ಅರಸುಮನೆತನದ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ಮಾರ್ಚ್ 1837ರ ಕೊನೆಯಲ್ಲಿ ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಅರೆಭಾಷೆಯ ಗೌಡರ ಜತೆಗೆ ಬೇರೆ ಬೇರೆ ಜಾತಿಗಳ ಒಕ್ಕಲುಗಳೂ ಕೂಡಿಕೊಂಡರು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಸೇರಿದ. ಏಪ್ರಿಲ್ 5ರಂದು ಮಂಗಳೂರು ಅವರದಾಯಿತು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಹದಿಮೂರು ದಿನ ಪಟ್ಟಣದಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. 1857ಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು.

ಕಣ್ಣೂರಿನಿಂದ ಕಡಲ ಹಾದಿಯಲ್ಲಿ ಕಂಪನಿಯ ಸೇನೆ ಬಂದಿಳಿಯಿತು. ಬಂದೂಕು, ಫಿರಂಗಿಗಳೆದುರು ಕತ್ತಿ, ಕೋವಿಗಳ ದಂಡು ನಿಲ್ಲಲಾಗಲಿಲ್ಲ. ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ, ಜನರೆಲ್ಲ ನೋಡುವಂತೆ, ನೇಣಿಗೆ ಹಾಕಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನ ಪ್ರಮುಖರಿಗೆ ಚಿನ್ನ, ಬೆಳ್ಳಿಯ ಪದಕಗಳು ಸಂದವು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಅಮರ ಸುಳ್ಯವನ್ನು ಕಂಪನಿ ಕೊಡಗಿಗೆ ಮತ್ತೆ ಸೇರಿಸಲಿಲ್ಲ.