ನಗರದ ದಂಗೆಯೂ ಶಿವಮೊಗ್ಗೆಯ ದಂಡೂ

ಆಭ್ಯಂತರ ಕೋಪವು ಬಾಹ್ಯ ಕೋಪಕ್ಕಿಂತಲೂ ಅನರ್ಥಕರವೆಂಬುದು ಕೌಟಿಲ್ಯನ ಮತ. ನಮ್ಮ ಸೀಮೆಯಲ್ಲಿ ಇದಕ್ಕೆ 1830–31ರ ನಗರದ ದಂಗೆಯೇ ನಿದರ್ಶನವಾಗಿರುವುದು.

ಶರತ್ತಿನ ಕಂದಾಯ ಪದ್ಧತಿಯಿಂದ ಬಳಲಿದ ರೈತರು ಕೂಟ ಕಟ್ಟಿದರು. ಕೆಳದಿಯ ವಂಶಜನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರಿಗೆ ಮುಂದಾಳಾದನು. ಭದ್ರಾವತಿಗೆ ದಕ್ಷಿಣದಲ್ಲಿರುವ ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಕತ್ತಿ ಹಿರಿದನು. ಹೊನ್ನಾಳಿಯ ಕೋಟೆಯು ದಂಗೆಕೋರರ ವಶವಾಯಿತು. 1831ರ ಮಾರ್ಚಿಯಲ್ಲಿ ಮೈಸೂರಿನ ದಂಡು ಅದನ್ನು ಮರಳಿ ಪಡೆಯಿತು. ಆದರೆ ಬಯಲಿನ ಜಯವು ಮಲೆನಾಡಿನ ಜಯವಲ್ಲ. ದಟ್ಟಡವಿ, ಇಕ್ಕಟ್ಟಾದ ದಾರಿ, ದಾರಿಗಡ್ಡವಾದ ಉಕ್ಕಡಗಳು, ಇವೇ ದಂಗೆಕೋರರಿಗೆ ನಿಜವಾದ ದುರ್ಗಗಳು. ಮೈಸೂರಿನ ಸೇನಾನಿ ಅಣ್ಣಪ್ಪನು ಅನಂತಪುರದಲ್ಲಿ ಮುತ್ತಿಗೆಗೆ ಸಿಲುಕಿ, ಆಹಾರವಿಲ್ಲದೆ ಹಿಂದೆಗೆಯಬೇಕಾಯಿತು. ಬಳಿಕ ಕಂಪೆನಿಯ ಸೇನೆಯೂ ನಗರವನ್ನು ಹಿಡಿಯಲಾರದೆ ಒಮ್ಮೆ ಶಿವಮೊಗ್ಗೆಗೆ ಮರಳಿತು. ತುಂಗಾತೀರದ ಈ ಊರಿನಿಂದಲೇ ಪುನಃ ಹೊರಟ ಕರ್ನಲ್ ಇವಾನ್ಸನು ಜೂನಿನಲ್ಲಿ ನಗರವನ್ನು ವಶಪಡಿಸಿಕೊಂಡನು.

ಗೆದ್ದವರು ಯಾರು? ರೈತನು ಸೋತನು. ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರೂ ಗೆಲ್ಲಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಆಡಳಿತವು ಕಂಪೆನಿಯ ಕೈಸೇರಿ, 1881ರವರೆಗೂ ರಾಜವಂಶಕ್ಕೆ ಮರಳಲಿಲ್ಲ. ಎರಡು ಪಕ್ಷಗಳಲ್ಲಿಯೂ ಮಡಿದವರಲ್ಲಿ ಬಹುಮಂದಿ ಒಂದೇ ನುಡಿಯವರು. ಸೇನಾನಿಗಳ ಹೆಸರುಗಳಾದರೂ ಗ್ರಂಥಗಳಲ್ಲಿ ಉಳಿದಿವೆ. ನೇಗಿಲನ್ನು ಬಿಟ್ಟು ಬಂದೂಕು ಹಿಡಿದವರ ಹೆಸರುಗಳು ಉಳಿದಿಲ್ಲ. ಪ್ರಜೆಯ ಮೊರೆಯನ್ನು ಸಕಾಲದಲ್ಲಿ ಕೇಳಿದ್ದರೆ ಈ ದಂಡಯಾತ್ರೆಯೇ ಬೇಕಾಗುತ್ತಿರಲಿಲ್ಲವೆಂಬುದನ್ನು ವಾಚಕರು ಮನಗಾಣಬೇಕು.