ಅಪ್ಪನ ಮಾರುತಿ ಮತ್ತು ಐಟಿಐ ತಾತ

ಮೊನ್ನೆ ಅಪ್ಪನ ಹಳೇ ಮಾರುತಿ 800ರ ಪೆಟ್ರೋಲ್ ಮುಳ್ಳು ಕುಣಿಯೋಕೆ ಶುರು ಮಾಡ್ತು. ಟೇಪ್ ಅಂತೂ ಮೂಕ. "ಮೀಟರ್ರೇ ಬದಲಾಯಿಸಿ" ಅಂದ್ರು ಎಲ್ಲರೂ. ಕೆ.ಆರ್.ಪುರದ ತಾತ ಒಬ್ರು ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚಿ, ಭೂತಗನ್ನಡಿಯಲ್ಲಿ ಬಿರುಕು ಬಿಟ್ಟ ಸೋಲ್ಡರ್ ತೋರಿಸಿದ್ರು. ಟೇಪಿನ ರಬ್ಬರ್ ಬೆಲ್ಟ್ ಕರಗಿ ಅಂಟಾಗಿತ್ತು.

"ಐಟಿಐನಲ್ಲಿ ಪಳಗಿದ ಕೈ ಕಣಪ್ಪ!"

ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿದ್ದು 1948ರಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಡಯಲ್ ಫೋನು, ಸ್ಟ್ರೌಜರ್ ಎಕ್ಸ್‌ಚೇಂಜು ಎಲ್ಲಾ ಇಲ್ಲೇ ತಯಾರಾಗ್ತಿತ್ತು. ಒಂದು ವೈರ್ ಸಡಿಲವಾದ್ರೂ ಲೈನ್ ಸತ್ತಂತೆ. ಸಾಫ್ಟ್‌ವೇರ್ ಬರೋಕೆ ಎಷ್ಟೋ ಮೊದಲೇ ಪೂರ್ವ ಬೆಂಗಳೂರಿನ ಬದುಕು ಇಂಥ ಕೈಗಳ ಮೇಲೆ ನಿಂತಿತ್ತು.

ಮುಳ್ಳು ಈಗ ನೆಟ್ಟಗಿದೆ, ಟೇಪೂ ಹಾಡ್ತಿದೆ. ತಾತನ ಕೈ ಮಾತ್ರ ಸ್ವಲ್ಪ ನಡುಗುತ್ತೆ. ಇಂಜಿನಿಯರಿಂಗ್ ಓದಿದ ನಂಗೆ ಸೋಲ್ಡರ್ ಮಾಡೋಕೇ ಬರಲ್ಲ ನೋಡಿ.. ಭಾನುವಾರದಿಂದ ಅವರ ಹತ್ರ ಪಾಠ!